ಕಲ್ಲಿನ ಮೇಲೆ ಬರೆದ ಹಾರೈಕೆ

1843ನೆಯ ಇಸವಿಯ ಜುಲೈ ತಿಂಗಳ ಮೊದಲನೆಯ ದಿನ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿಯವರು ‘ಮಂಗಳೂರ ಸಮಾಚಾರ’ವೆಂಬ ಪಾಕ್ಷಿಕವನ್ನು ಹೊರಡಿಸಿದರೆಂಬುದೂ, ಕನ್ನಡದ ಪತ್ರಿಕಾವ್ಯವಸಾಯಕ್ಕೆ ಅದೇ ಆದಿಯೆಂಬುದೂ ನಮ್ಮಲ್ಲಿ ಅನೇಕರು ಬಲ್ಲ ಸಂಗತಿ. ಅದೇ ವರ್ಷದ ಡಿಸೆಂಬರಿನಲ್ಲಿ, ಮಂಗಳೂರಿನ ಹೆಸರನ್ನು ಬಹುಶಃ ಕೇಳಿಯೂ ಇರದಿದ್ದ ಲಂಡನ್ನಿನ ಸರಕಾರಿ ಅಧಿಕಾರಿಯೊಬ್ಬನು, ಹಬ್ಬದ ದಿನಗಳಲ್ಲಿ ಮೇಜಿನ ಮೇಲೆ ರಾಶಿ ಬೀಳುತ್ತಿದ್ದ ಕಾಗದಗಳಿಗೆಲ್ಲ ಕೈಯಾರೆ ಉತ್ತರ ಬರೆಯುವ ಶ್ರಮಕ್ಕೆ ಹೆದರಿ, ಒಂದು ಚಿತ್ರವನ್ನೂ ಒಂದು ಸಾಲು ಹಾರೈಕೆಯನ್ನೂ ಹೊತ್ತ ಸಾವಿರ ಕಾರ್ಡುಗಳನ್ನು ಅಚ್ಚುಹಾಕಿಸಿದನು. ಮಾರಾಟಕ್ಕೆಂದು ಅಚ್ಚಾದ ಕ್ರಿಸ್ಮಸ್ ಶುಭಾಶಯ ಪತ್ರಗಳಲ್ಲಿ ಅದೇ ಮೊದಲನೆಯದೆಂದು ಎಣಿಕೆ. ಈ ಎರಡು ಘಟನೆಗಳ ನಡುವೆ ನೇರವಾದ ನಂಟೇನೂ ಇಲ್ಲ. ಆದರೂ ಎರಡಕ್ಕೂ ತೊಟ್ಟಿಲು ಒಂದೇ: ಸೀಸದ ಮೊಳೆಗಳ ಸಹಾಯವಿಲ್ಲದೆ, ನುಣುಪಾಗಿ ತೇದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ಅದರಿಂದ ಪ್ರತಿಗಳನ್ನು ತೆಗೆಯುವ ವಿದ್ಯೆಯಿಂದಲೇ ಮೋಗ್ಲಿಂಗರ ಪತ್ರಿಕೆಯೂ ಲಂಡನ್ನಿನ ಕಾರ್ಡೂ ಹೊರಬಂದವು. ನಮ್ಮ ಹಿರಿಯರು ಈ ವಿದ್ಯೆಯನ್ನು ಕಲ್ಲಚ್ಚು ಎಂದು ಕರೆದರು. ಇಷ್ಟು ಚೊಕ್ಕವಾದ ಶಾಸ್ತ್ರೀಯ ಪದವನ್ನು ಈಗಿನ ಪರಿಭಾಷಾ ಸಮಿತಿಗಳು ಕಟ್ಟಿಯಾವೆಂದು ನನಗೆ ನಂಬಿಕೆಯಿಲ್ಲ.

ಶುಭಾಶಯ ಪತ್ರವೆಂದರೆ ಅದರಲ್ಲಿ ವಿಜ್ಞಾನವೇನಿದೆ ಎಂದು ಓದುಗರು ಕೇಳಬಹುದು. ಒಬ್ಬರಿಗೆ ಮಾತ್ರ ಹೇಳತಕ್ಕ ಮಾತನ್ನು ಸಾವಿರ ಮಂದಿಗೆ ಅಚ್ಚುಹಾಕಬೇಕು. ಅಚ್ಚುಹಾಕಿದ ಬಳಿಕ, ಅದು ತನಗಾಗಿಯೇ ಬಂದುದೆಂಬ ಭಾವನೆ ಪಡೆದವನಲ್ಲಿ ಉಳಿಯಬೇಕು. ಪರಸ್ಪರ ವಿರುದ್ಧವಾದ ಈ ಎರಡು ಬೇಡಿಕೆಗಳನ್ನು ಒಂದೇ ಮಡಿಸಿದ ಕಾಗದದಲ್ಲಿ ಸಂಧಾನಮಾಡಿಸುವುದಕ್ಕಾಗಿ ರಸಾಯನಶಾಸ್ತ್ರ, ದೃಷ್ಟಿವಿಜ್ಞಾನ, ಕಾಗದದ ನಾರಿನ ಗುಣ, ಭಾಷೆಯ ವ್ಯಾಕರಣ, ಅಂಗಡಿಯ ಮನಶ್ಶಾಸ್ತ್ರ ಎಲ್ಲವೂ ದುಡಿದಿವೆ. ಮೊದಲು ಕಲ್ಲಿನಿಂದ ಪ್ರಾರಂಭಿಸೋಣ.

ಅಲೋಯಿಸ್ ಸೆನೆಫೆಲ್ಡರನು ಮ್ಯೂನಿಕ್ ನಗರದ ಒಬ್ಬ ನಟನ ಮಗ, ಸ್ವತಃ ನಾಟಕಕಾರ, ತನ್ನ ನಾಟಕಗಳನ್ನು ಅಚ್ಚುಹಾಕಿಸಲು ಹಣವಿಲ್ಲದವನು. ಈ ಮೂರನೆಯ ಲಕ್ಷಣ ಎಲ್ಲ ದೇಶದ ಸಾಹಿತಿಗಳಿಗೂ ಸಮಾನವಾದರೂ, ಅದರಿಂದ ಲೋಕೋಪಕಾರವಾದ ಸಂದರ್ಭಗಳು ವಿರಳ. ತನ್ನ ಬರಹವನ್ನು ತಾನೇ ತಾಮ್ರದ ತಗಡಿನಲ್ಲಿ ಕೊರೆದು ಅಚ್ಚುಮಾಡಿಕೊಳ್ಳುವೆನೆಂದು ಹೊರಟ ಅವನಿಗೆ, ಅಕ್ಷರಗಳನ್ನು ತಿರುಗುಮುರುಗಾಗಿ ಬರೆಯುವ ಅಭ್ಯಾಸಕ್ಕೆ ತಾಮ್ರವನ್ನು ಹಾಳುಮಾಡುವುದು ದುಬಾರಿಯೆನಿಸಿ, ಬವೇರಿಯಾ ಪ್ರಾಂತದಲ್ಲಿ ನೆಲಕ್ಕೆ ಹಾಸಲು ಬಳಸುತ್ತಿದ್ದ ನುಣುಪು ಸುಣ್ಣಕಲ್ಲಿನ ಚಪ್ಪಡಿಯೊಂದನ್ನು ಮನೆಗೆ ತಂದನು. 1796ರಲ್ಲಿ ಒಂದು ದಿನ ಅಗಸಗಿತ್ತಿ ಬಾಗಿಲಲ್ಲಿ ನಿಂತಿರಲು, ಬಟ್ಟೆಗಳ ಲೆಕ್ಕ ಬರೆದುಕೊ ಎಂದು ತಾಯಿ ಕೂಗಿ ಹೇಳಲು, ಕೈಗೆ ಕಾಗದವೂ ಮಸಿಯೂ ಸಿಗದೆ, ಮೇಣ, ಸಾಬೂನು, ದೀಪದ ಕಾಡಿಗೆಗಳನ್ನು ಬೆರಸಿ ತಾನು ಮಾಡಿಟ್ಟುಕೊಂಡಿದ್ದ ಮಸಿಯಿಂದ ಆ ಲೆಕ್ಕವನ್ನು ಕಲ್ಲಿನ ಮೇಲೆಯೇ ಗೀಚಿದನೆಂದು ಅವನೇ ಮುಂದೆ ಬರೆದಿಟ್ಟಿದ್ದಾನೆ. ಆಮೇಲೆ ಕಲ್ಲಿನ ಮೇಲೆ ಆಮ್ಲ ಸುರಿದು ನೋಡಿದಾಗ, ಮಸಿಯಿದ್ದ ಕಡೆ ಬಿಟ್ಟು ಉಳಿದ ಕಡೆ ಕಲ್ಲು ತುಸುವೇ ಸವೆದು ಅಕ್ಷರಗಳು ಉಬ್ಬಿ ನಿಂತವು. ಕಲ್ಲಚ್ಚಿನ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ಮುಗಿಸಿಬಿಡುತ್ತಾರೆ. ಆದರೆ ನಿಜವಾದ ಆವಿಷ್ಕಾರವಾದುದು ಇನ್ನೆರಡು ವರ್ಷಗಳ ಪರಿಶ್ರಮದ ಮೇಲೆ, ಉಬ್ಬು ತಗ್ಗುಗಳ ಅವಶ್ಯಕತೆಯೇ ಇಲ್ಲವೆಂದು ಅವನಿಗೆ ಹೊಳೆದಾಗ.

ಅದರ ತತ್ತ್ವ ನಮ್ಮ ಅಡಿಗೆಮನೆಯಲ್ಲಿ ದಿನವೂ ಕಾಣುವಂಥದೇ: ಎಣ್ಣೆಗೂ ನೀರಿಗೂ ಸೇರದು. ಸುಣ್ಣಕಲ್ಲು ರಾಸಾಯನಿಕವಾಗಿ ಕ್ಯಾಲ್ಸಿಯಂ ಕಾರ್ಬೊನೇಟು. ಜಿಡ್ಡಿನ ಮಸಿಯಲ್ಲಿರುವ ಮೇದಾಮ್ಲಗಳು ಅದರೊಡನೆ ಕೂಡಿ, ನೀರಿನಲ್ಲಿ ಕರಗದ ಸಾಬೂನಿನಂಥ ಒಂದು ಪದರವಾಗಿ ಕಲ್ಲಿನ ರಂಧ್ರಗಳಲ್ಲಿ ಬೇರೂರುತ್ತವೆ. ಬರಹವಿಲ್ಲದ ಭಾಗಕ್ಕೆ ಜಾಲಿಯ ಜಾತಿಯ ಮರದ ಗೋಂದನ್ನು ಸ್ವಲ್ಪ ಆಮ್ಲದೊಡನೆ ಬೆರಸಿ ಬಳಿದರೆ, ಆ ಭಾಗ ನೀರನ್ನು ಹೀರಿಹಿಡಿದುಕೊಳ್ಳುವ ಗುಣವನ್ನು ಪಡೆಯುತ್ತದೆ. ಈಗ ಕಲ್ಲನ್ನು ಒದ್ದೆಮಾಡಿ ಮಸಿಯ ಉರುಳೆಯನ್ನು ಹಾಯಿಸಿರಿ. ನೀರು ನಿಂತ ಕಡೆ ಮಸಿ ಕೂರುವುದಿಲ್ಲ, ಜಿಡ್ಡಿದ್ದ ಕಡೆ ನೀರು ನಿಲ್ಲದಿದ್ದುದರಿಂದ ಅಲ್ಲಿ ಮಾತ್ರ ಮಸಿ ಅಂಟುತ್ತದೆ. ಕಾಗದವನ್ನು ಹರಡಿ ಒತ್ತಿದರೆ ಪ್ರತಿ ಸಿದ್ಧ. ಇದರ ಹೆಚ್ಚಳವೇನೆಂದರೆ, ಕಲಾವಿದನು ಕಲ್ಲಿನ ಮೇಲೆ ಕಾಗದದ ಮೇಲೆ ಬರೆದಷ್ಟೇ ಸಲೀಸಾಗಿ, ಕುಂಚದಿಂದಲೋ ಜಿಡ್ಡಿನ ಕಡ್ಡಿಯಿಂದಲೋ ಬರೆಯಬಹುದು. ಮರ ಕೆತ್ತುವವನ, ಲೋಹ ಕೊರೆಯುವವನ ಮಧ್ಯಸ್ಥಿಕೆ ಬೇಕಾಗದು. ಮೊಳೆ ಎರಕಹೊಯ್ಯಿಸುವ ಗೋಜಿಲ್ಲದೆ ಕನ್ನಡದ ಗುಂಡಕ್ಷರಗಳನ್ನು ಕೈಬರಹದಲ್ಲೇ ಮುದ್ರಿಸಲು ಮಂಗಳೂರಿನ ಪಾದ್ರಿಗಳಿಗೆ ಇದು ಅನುಕೂಲವಾದುದರಲ್ಲಿ ಆಶ್ಚರ್ಯವಿಲ್ಲ.

ಈ ಕಲ್ಲಿನ ವಿಷಯವಾಗಿ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸೊಪ್ಪುವುದಿಲ್ಲ. ಬವೇರಿಯಾದ ಸೋಲ್ನ್‌ಹೋಫೆನ್ ಗಣಿಗಳ ಆ ಸುಣ್ಣಕಲ್ಲು ಸುಮಾರು 15 ಕೋಟಿ ವರ್ಷಗಳ ಹಿಂದೆ ಅಲೆಯಿಲ್ಲದ ಆಳವಲ್ಲದ ಹಿನ್ನೀರಿನ ತಳದಲ್ಲಿ ನಯವಾದ ಕೆಸರಾಗಿ ಕೂತು ಗಟ್ಟಿಯಾದುದು; ಕಣಗಳು ಅಷ್ಟು ಸೂಕ್ಷ್ಮವಾಗಿದ್ದುದರಿಂದಲೇ ಅದು ಮುದ್ರಣಕ್ಕೆ ಒದಗಿತು. ಅದೇ ಕಾರಣದಿಂದ ಆ ಕೆಸರಿಗೆ ಬಿದ್ದ ಜೀವಿಗಳ ಗುರುತೂ ಕೂದಲೆಳೆಯಷ್ಟು ವಿವರದೊಡನೆ ಉಳಿಯಿತು. 1861ರಲ್ಲಿ ಅಲ್ಲಿ ದೊರೆತ ಗರಿಯೊಂದರಿಂದಲೂ, ಸರೀಸೃಪಕ್ಕೂ ಹಕ್ಕಿಗೂ ನಡುವಣ ಲಕ್ಷಣಗಳಿದ್ದ ಅಸ್ಥಿಪಂಜರದಿಂದಲೂ ಜೀವವಿಕಾಸದ ಚರ್ಚೆಯೇ ಹೊಸ ತಿರುವು ಪಡೆಯಿತು. ಆ ಪ್ರಾಣಿಯ ಶಾಸ್ತ್ರೀಯ ನಾಮ ಆರ್ಕಿಯಾಪ್ಟೆರಿಕ್ಸ್ ಲಿಥೋಗ್ರಾಫಿಕಾ. ಹೆಸರಿನ ಉತ್ತರಾರ್ಧಕ್ಕೆ ಕಲ್ಲಚ್ಚಿನದು ಎಂದೇ ಅರ್ಥ. ಹಕ್ಕಿಯ ಪೂರ್ವಜನಿಗೆ ಮುದ್ರಕನ ಕಸುಬಿನಿಂದ ಹೆಸರು ಬಂದಿದೆ.

ಲಂಡನ್ನಿಗೆ ಹಿಂದಿರುಗೋಣ. ಆ ಅಧಿಕಾರಿಯ ಹೆಸರು ಹೆನ್ರಿ ಕೋಲ್. 1840ರಲ್ಲಿ ಇಂಗ್ಲೆಂಡಿನಲ್ಲಿ ಜಾರಿಗೆ ಬಂದ ಒಂದು ಪೆನ್ನಿಯ ಏಕರೂಪ ಅಂಚೆವೆಚ್ಚದ ಯೋಜನೆಯಲ್ಲಿ ರೋಲಂಡ್ ಹಿಲ್ಲನಿಗೆ ನೆರವಾಗಿ ದುಡಿದವನು. ಮುಂದೆ 1851ರ ಮಹಾಪ್ರದರ್ಶನಕ್ಕೂ ವಿಕ್ಟೋರಿಯಾ ಆಲ್ಬರ್ಟ್ ಮ್ಯೂಸಿಯಮ್ಮಿನ ಸ್ಥಾಪನೆಗೂ ಹೆಗಲು ಕೊಟ್ಟವನು. ಅಂಚೆಯನ್ನು ಅಗ್ಗಮಾಡಿದವನ ಮೇಜೇ ಕಾಗದಗಳಿಂದ ತುಂಬಿಹೋದುದು ಒಂದು ಬಗೆಯ ಕರ್ಮಫಲವೆನ್ನಬೇಕು. ಅವನ ಮಿತ್ರನಾದ ಜಾನ್ ಕಾಲ್ಕಾಟ್ ಹಾರ್ಸ್ಲಿ ಬರೆದ ಚಿತ್ರದಲ್ಲಿ ಬಳ್ಳಿಯ ಚೌಕಟ್ಟಿನೊಳಗೆ ಮೂರು ಅಂಕಣಗಳಿದ್ದವು: ನಡುವೆ ಮೂರು ತಲೆಮಾರಿನ ಒಂದು ಸಂಸಾರ ಊಟಕ್ಕೆ ಕುಳಿತು ದ್ರಾಕ್ಷಾರಸದ ಬಟ್ಟಲನ್ನೆತ್ತಿ ಕಾರ್ಡನ್ನು ನೋಡುವವರಿಗೆ ಶುಭ ಕೋರುತ್ತಿತ್ತು, ಎಡಬಲಗಳಲ್ಲಿ ಹಸಿದವರಿಗೆ ಅನ್ನ, ಬಡವರಿಗೆ ಬಟ್ಟೆ. ಮಧ್ಯದ ಚಿತ್ರದಲ್ಲಿ ಎಳೆಯ ಮಗುವಿನ ತುಟಿಗೂ ಬಟ್ಟಲನ್ನು ಹಿಡಿದಿದ್ದುದನ್ನು ಕಂಡು ಪಾನನಿರೋಧಕ ಸಂಘದವರು ಕೂಗೆಬ್ಬಿಸಿದರು. ರೇಖೆಗಳನ್ನು ಕಲ್ಲಿನಿಂದ ಅಚ್ಚೊತ್ತಿ, ಬಣ್ಣವನ್ನು ಒಂದೊಂದು ಪ್ರತಿಗೂ ಕೈಯಿಂದಲೇ ತುಂಬಲಾಯಿತು. ಬೆಲೆ ಒಂದು ಶಿಲ್ಲಿಂಗು, ಎಂದರೆ ಹನ್ನೆರಡು ಪೆನ್ನಿ. ಹನ್ನೆರಡು ಕಾಗದಗಳನ್ನು ದೇಶದ ಯಾವ ಮೂಲೆಗಾದರೂ ಕಳುಹಿಸಬಹುದಾದ ಹಣ. ಸಾಮಾನ್ಯರ ಕೈಗೆ ಅದು ಎಟಕಲಿಲ್ಲ. ಆ ಸಾವಿರದಲ್ಲಿ ಇಂದು ಉಳಿದಿರುವುವು ಕೆಲವೇ. ಕೋಲನು ತನ್ನ ಅಜ್ಜಿಗೆ ಕಳುಹಿಸಿದ್ದ ಪ್ರತಿ 2001ರ ಹರಾಜಿನಲ್ಲಿ ಇಪ್ಪತ್ತು ಸಾವಿರ ಪೌಂಡುಗಳಿಗೂ ಮೀರಿ ಬಿಕರಿಯಾಯಿತು.

ಬಣ್ಣವನ್ನೂ ಕಲ್ಲಿನಿಂದಲೇ ತೆಗೆಯುವುದು ಸಾಧ್ಯವಾದ ಬಳಿಕವೇ ಕಾರ್ಡು ಜನರ ವಸ್ತುವಾಯಿತು. ವಿಧಾನ ಸರಳ, ಕೆಲಸ ಕಠಿನ: ಬಣ್ಣಕ್ಕೊಂದು ಕಲ್ಲು. ಹಳದಿಯ ಭಾಗಗಳಷ್ಟನ್ನೇ ಒಂದು ಕಲ್ಲಿನ ಮೇಲೆ, ನಸುಗೆಂಪನ್ನು ಮತ್ತೊಂದರ ಮೇಲೆ, ನೆರಳನ್ನು ಮಗದೊಂದರ ಮೇಲೆ ಬರೆದು, ಒಂದೇ ಕಾಗದವನ್ನು ಎಲ್ಲದರ ಮೇಲೂ ಸರದಿಯಾಗಿ ಒತ್ತಿ, ಪ್ರತಿಸಲವೂ ಕೂದಲೆಳೆಯಷ್ಟೂ ಸರಿಯದಂತೆ ಹೊಂದಿಸಬೇಕು. ಒಂದು ಗುಲಾಬಿಗೆ ಇಪ್ಪತ್ತು ಕಲ್ಲುಗಳು ಹಿಡಿದ ಉದಾಹರಣೆಗಳುಂಟು. ಬ್ರೆಸ್ಲಾವಿನಲ್ಲಿ ಹುಟ್ಟಿ, 1848ರ ಕ್ರಾಂತಿಯ ಗದ್ದಲದ ಮೇಲೆ ದೇಶ ಬಿಟ್ಟು ಅಮೆರಿಕದ ಬಾಸ್ಟನ್ ಸೇರಿದ ಲೂಯಿ ಪ್ರಾಂಗನು ಈ ವಿದ್ಯೆಯಲ್ಲಿ ಪಳಗಿ, 1870ರ ದಶಕದ ಮಧ್ಯದಲ್ಲಿ ಅಮೆರಿಕನ್ನರಿಗೆ ಕ್ರಿಸ್ಮಸ್ ಕಾರ್ಡಿನ ರುಚಿ ಹತ್ತಿಸಿದನು. ಒಳ್ಳೆಯ ಕಲೆ ಬಡವನ ಗೋಡೆಗೂ ಬರಬೇಕೆಂಬುದು ಅವನ ಹಂಬಲವಾದುದರಿಂದ, 1880ರಲ್ಲಿ ಕಾರ್ಡಿನ ಚಿತ್ರಗಳಿಗಾಗಿ ಸ್ಪರ್ಧೆಯನ್ನು ಏರ್ಪಡಿಸಿ ಮೊದಲ ಬಹುಮಾನಕ್ಕೆ 1000 ಡಾಲರುಗಳನ್ನು ಇಟ್ಟನು. ಕೊನೆಗೆ ಜರ್ಮನಿಯಿಂದ ಬಂದ ಅಗ್ಗದ ಕಾರ್ಡುಗಳ ಮುಂದೆ ಆ ವ್ಯಾಪಾರ ನಿಲ್ಲಲಾರದೆ ಹೋಯಿತು. ನಮ್ಮ ದೇಶದಲ್ಲಿ ಇದೇ ವಿದ್ಯೆಯನ್ನು ನಂಬಿ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟವನ್ನು ತೆರೆದುದನ್ನೂ, ಜರ್ಮನ್ ಕುಶಲಿಗಳ ಕೈಯಿಂದ ಅಲ್ಲಿ ಅಚ್ಚಾದ ಲಕ್ಷ್ಮೀ ಸರಸ್ವತಿಯರು ನಮ್ಮ ಅಜ್ಜಿಯರ ದೇವರಕೋಣೆಗಳನ್ನು ಸೇರಿದುದನ್ನೂ ನೆನೆದರೆ, ಪ್ರಾಂಗನ ಹಂಬಲ ನಮಗೆ ಪರಕೀಯವೆನಿಸದು.

ಇಂದಿನ ಕಾರ್ಡಿನಲ್ಲಿ ಕಲ್ಲಿಲ್ಲ. ಕಲ್ಲಿನ ತತ್ತ್ವ ಮಾತ್ರ ಹಾಗೆಯೇ ಇದೆ. ಕಲ್ಲಿನ ಸ್ಥಾನದಲ್ಲಿ ಉರುಳೆಗೆ ಸುತ್ತಿದ ತೆಳು ಅಲ್ಯುಮಿನಿಯಂ ತಗಡು. ಅದರಿಂದ ಮಸಿ ಮೊದಲು ರಬ್ಬರಿನ ಹೊದಿಕೆಗೆ, ಅಲ್ಲಿಂದ ಕಾಗದಕ್ಕೆ. ಇದೇ ಆಫ್‌ಸೆಟ್ ಮುದ್ರಣ. ಅಮೆರಿಕದ ನ್ಯೂಜೆರ್ಸಿಯಲ್ಲಿ ಐರಾ ರೂಬೆಲ್ ಎಂಬ ಮುದ್ರಕನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಯಂತ್ರಕ್ಕೆ ಹಾಳೆ ಕೊಡುವುದು ಒಮ್ಮೆ ತಪ್ಪಿದಾಗ ಚಿತ್ರ ಒತ್ತುರುಳೆಯ ರಬ್ಬರಿನ ಮೇಲೆಯೇ ಮೂಡಿ, ಮುಂದಿನ ಹಾಳೆಯ ಹಿಂಬದಿಗೆ ಅದು ಮುಂಬದಿಗಿಂತ ಸ್ಫುಟವಾಗಿ ಬಿದ್ದುದನ್ನು ಗಮನಿಸಿ ಇದನ್ನು ಬಳಕೆಗೆ ತಂದನು. ಮೆದುವಾದ ರಬ್ಬರು ಕಾಗದದ ಉಬ್ಬುತಗ್ಗುಗಳಿಗೆ ಹೊಂದಿಕೊಳ್ಳುತ್ತದೆ. ಗಡುಸಾದ ಕಲ್ಲು ಹೊಂದಿಕೊಳ್ಳದು.

ಇಪ್ಪತ್ತು ಕಲ್ಲುಗಳ ಬದಲು ಈಗ ನಾಲ್ಕೇ ಬಣ್ಣಗಳು: ನೀಲಿಹಸುರು, ಕಡುಗುಲಾಬಿ, ಹಳದಿ, ಕಪ್ಪು. ಮಸಿಗೆ ತೆಳು ಗಾಢವೆಂಬ ಭೇದ ತಿಳಿಯದು. ಯಂತ್ರ ಮಸಿಯನ್ನು ಇಡಬಲ್ಲುದು ಇಲ್ಲವೆ ಬಿಡಬಲ್ಲುದು. ಆದಕಾರಣ ಚಿತ್ರವನ್ನು ಚುಕ್ಕೆಗಳಾಗಿ ಒಡೆಯುತ್ತಾರೆ. ಗಾಢವಾಗಬೇಕಾದಲ್ಲಿ ಚುಕ್ಕೆ ದೊಡ್ಡದು, ತಿಳಿಯಾಗಬೇಕಾದಲ್ಲಿ ಸಣ್ಣದು. ಒಳ್ಳೆಯ ಕಾರ್ಡಿನಲ್ಲಿ ಅಂಗುಲಕ್ಕೆ 150 ಸಾಲು ಚುಕ್ಕೆಗಳಿದ್ದರೆ, ಒಂದು ಚದರ ಅಂಗುಲದಲ್ಲಿ ಒಂದೊಂದು ಬಣ್ಣಕ್ಕೂ 22,500 ಚುಕ್ಕೆಗಳಾದವು. ಹಿಡಿದು ಓದುವ ದೂರದಿಂದ ಅವನ್ನು ಬಿಡಿಬಿಡಿಯಾಗಿ ಕಾಣುವುದು ಕಣ್ಣಿಗೆ ಸುಲಭವಲ್ಲ. ಹಳದಿಯ ಚುಕ್ಕೆಯೂ ನೀಲಿಯ ಚುಕ್ಕೆಯೂ ಕೂಡಿ ಎಲೆ ಹಸುರಾಗುವುದು ಕಾಗದದ ಮೇಲೆ ಅರ್ಧ, ನಮ್ಮ ನೆತ್ತಿಯೊಳಗೆ ಅರ್ಧ. ನಾಲ್ಕು ಚುಕ್ಕೆಜಾಲಗಳನ್ನೂ ಒಂದೇ ಓರೆಯಲ್ಲಿ ಇಟ್ಟರೆ ಸಣ್ಣ ತಪ್ಪಿಗೂ ಚಿತ್ರದಲ್ಲಿ ಬೇಡದ ಅಲೆಗಳೇಳುತ್ತವೆ. ಎರಡು ಸೊಳ್ಳೆಪರದೆಗಳನ್ನು ಒಂದರ ಮೇಲೊಂದು ಹಿಡಿದು ನೋಡಿದವರಿಗೆ ಈ ಅಲೆಗಳ ಪರಿಚಯವಿರುತ್ತದೆ. ಅದನ್ನು ತಪ್ಪಿಸಲು ಕಪ್ಪನ್ನು 45 ಡಿಗ್ರಿಗೂ, ಬೇರೆರಡನ್ನು 15 ಮತ್ತು 75ಕ್ಕೂ, ಕಣ್ಣಿಗೆ ಅತ್ಯಂತ ಕಡಮೆ ತೋರುವ ಹಳದಿಯನ್ನು ಸೊನ್ನೆಗೂ ಓರೆಮಾಡುವುದು ರೂಢಿ. ಮನೆಯಲ್ಲಿ ಬೂತಗನ್ನಡಿಯಿದ್ದರೆ ಹಳೆಯ ಕಾರ್ಡೊಂದನ್ನು ಅದರಡಿಯಲ್ಲಿ ಹಿಡಿದು ನೋಡಿರಿ. ಆ ಮೇಲೆ ಗುಲಾಬಿ ಗುಲಾಬಿಯಾಗಿ ಉಳಿಯುವುದಿಲ್ಲ.

ಕಾಗದದ ವಿಚಾರವನ್ನು ನಾನು ಪುಸ್ತಕದಿಂದಲ್ಲ, ನಷ್ಟದಿಂದ ಕಲಿತೆನು. ಬಹಳ ವರ್ಷಗಳ ಹಿಂದೆ ಯುಗಾದಿಗೆಂದು, ಮಾವಿನ ತಳಿರಿನ ಚಿತ್ರವಿದ್ದ ಇನ್ನೂರು ಕಾರ್ಡುಗಳನ್ನು ನಮ್ಮ ಊರಿನ ಒಂದು ಪ್ರೆಸ್ಸಿನಲ್ಲಿ ಮಾಡಿಸಿದೆನು. ಮುಂಗಡ ಕೊಟ್ಟು, ಪ್ರೂಫು ತಿದ್ದಿ, ಹಬ್ಬಕ್ಕೆ ನಾಲ್ಕು ದಿನ ಮುಂಚೆ ಕಟ್ಟು ಬಿಚ್ಚಿ ನೋಡುತ್ತೇನೆ: ಮಡಿಕೆಯ ಉದ್ದಕ್ಕೂ ಹಸುರು ಬಣ್ಣ ಬಿರಿದು, ಒಳಗಿನ ಬಿಳಿಯ ನಾರು ಒಡೆದ ಹಿಮ್ಮಡಿಯಂತೆ ಕಾಣುತ್ತಿದೆ. ಪ್ರೆಸ್ಸಿನವರು ಕಾಗದ ತಯಾರಿಸಿದವರನ್ನು ಬಯ್ದರು. ತಪ್ಪು ಕಾಗದದ್ದಾಗಿರಲಿಲ್ಲ, ಕತ್ತರಿಸಿದ ದಿಕ್ಕಿನದು. ಕಾಗದದ ಗಿರಣಿಯಲ್ಲಿ ತೆಳುವಾದ ಗಂಜಿಯಂಥ ನಾರಿನ ನೀರು ಓಡುತ್ತಿರುವ ಜಾಲರಿಯ ಮೇಲೆ ಸುರಿದಾಗ, ಹೊಳೆಯಲ್ಲಿ ತೇಲುವ ಕಡ್ಡಿಗಳು ಹರಿವಿನ ಕಡೆಗೆ ತಿರುಗುವ ಹಾಗೆ ನಾರುಗಳು ಬಹುಮಟ್ಟಿಗೆ ಒಂದೇ ದಿಕ್ಕಿಗೆ ಮಲಗುತ್ತವೆ. ಆ ದಿಕ್ಕಿನಲ್ಲಿ ಮಡಿಸಿದರೆ ನಾರುಗಳು ಒಂದರ ಪಕ್ಕದಿಂದೊಂದು ಜಾರಿ ಕಾಗದ ಮೆತ್ತಗೆ ಬಾಗುತ್ತದೆ. ಅಡ್ಡಲಾಗಿ ಮಡಿಸಿದರೆ ನಾರುಗಳೇ ಮುರಿಯುತ್ತವೆ. ಕಾರ್ಡಿಗೆ ಬಳಸುವ ಕಾಗದ ಚದರ ಮೀಟರಿಗೆ 250ರಿಂದ 300 ಗ್ರಾಂ ತೂಗುವ ದಪ್ಪ ಜಾತಿಯದಾದುದರಿಂದ, ದಿಕ್ಕು ಸರಿಯಾಗಿದ್ದರೂ ಮಡಿಸುವ ಮುನ್ನ ಮೊಂಡಾದ ತಗಡಿನಿಂದ ಒತ್ತಿ ಗೆರೆ ಹಾಕಬೇಕು; ಅಚ್ಚಿನವರು ಇದನ್ನು ಕ್ರೀಸಿಂಗ್ ಎನ್ನುತ್ತಾರೆ. ದಿಕ್ಕನ್ನು ತಿಳಿಯುವ ಉಪಾಯ ಸುಲಭ: ಕಾಗದವನ್ನು ಹರಿದು ನೋಡಬೇಕು. ನಾರಿನ ಉದ್ದಕ್ಕೆ ಹರಿದರೆ ಗೆರೆ ನೆಟ್ಟಗೆ ಸಾಗುತ್ತದೆ; ಅಡ್ಡ ಹರಿದರೆ ಅಂಕುಡೊಂಕಾಗುತ್ತದೆ. ಬಾಳೆಯೆಲೆ ಸೀಳಿ ಬಲ್ಲ ನನಗೆ ಇದು ಮೊದಲೇ ತಿಳಿದಿರಬೇಕಾಗಿತ್ತು.

ನಾರಿಗೆ ಇನ್ನೊಂದು ಗುಣವುಂಟು. ತೇವ ತಗುಲಿದರೆ ಅದು ಉದ್ದದಲ್ಲಿ ಅಷ್ಟಾಗಿ ಬೆಳೆಯದೆ ದಪ್ಪದಲ್ಲಿ ಉಬ್ಬುತ್ತದೆ. ಆದುದರಿಂದ ಮಳೆಗಾಲದ ಗಾಳಿಗೆ ಹಾಳೆ ಅಡ್ಡಲಾಗಿ ಹಿಗ್ಗುತ್ತದೆ. ಬೆಳಗ್ಗೆ ಹಳದಿ ಒತ್ತಿದ ಹಾಳೆಗೆ ಮಧ್ಯಾಹ್ನ ನೀಲಿ ಒತ್ತುವ ಹೊತ್ತಿಗೆ ಅದು ಕೂದಲೆಳೆಯಷ್ಟು ಬೆಳೆದಿದ್ದರೂ ಸಾಕು, ಹೂವಿನ ಬಣ್ಣ ಹೂವಿನ ಗೆರೆಯಾಚೆ ಚೆಲ್ಲಿ ನಿಲ್ಲುತ್ತದೆ. ತಮಿಳುನಾಡಿನ ಒಣನೆಲದ ಶಿವಕಾಶಿ ಮುದ್ರಣಕ್ಕೆ ಒದಗಿಬಂದುದರಲ್ಲಿ ಈ ಗಾಳಿಯ ಪಾಲೂ ಇದೆ. 1920ರ ದಶಕದ ಆರಂಭದಲ್ಲಿ ಅಲ್ಲಿಯ ಅಯ್ಯ ನಾಡಾರ್, ಷಣ್ಮುಗ ನಾಡಾರ್ ಎಂಬಿಬ್ಬರು ಕಲ್ಕತ್ತೆಗೆ ಹೋಗಿ ಬೆಂಕಿಕಡ್ಡಿ ತಯಾರಿಸುವ ಕೆಲಸ ಕಲಿತು ಬಂದರು. ಕಡ್ಡಿಪೆಟ್ಟಿಗೆಗೂ ಪಟಾಕಿಗೂ ಬಣ್ಣದ ಚೀಟಿ ಬೇಕಾಯಿತು. ಚೀಟಿಗೆಂದು ಬಂದ ಯಂತ್ರಗಳು ಬಿಡುವಿನಲ್ಲಿ ದೇವರ ಪಟಗಳನ್ನೂ ಕ್ಯಾಲೆಂಡರುಗಳನ್ನೂ ಶುಭಾಶಯ ಪತ್ರಗಳನ್ನೂ ಒತ್ತಿದವು. ಡಿಸೆಂಬರಿನ ಕೊನೆಯ ವಾರ ನಮ್ಮ ಪೇಟೆಬೀದಿಗಳಲ್ಲಿ ದಾರಕ್ಕೆ ಸಿಕ್ಕಿಸಿ ತೂಗುಹಾಕುತ್ತಿದ್ದ ಹೊಸವರ್ಷದ ಕಾರ್ಡುಗಳನ್ನು ಹಿಂದುಮುಂದಾಗಿ ತಿರುವಿ ನೋಡಿದವರಿಗೆ, ಕೆಳಗಿನ ಅಂಚಿನ ಇರುವೆಯಕ್ಷರಗಳಲ್ಲಿ ಆ ಊರಿನ ಹೆಸರು ಎಷ್ಟೋ ಸಲ ಕಂಡಿರಬೇಕು.

ಅಚ್ಚಾದ ಮೇಲೆ ಅಲಂಕಾರ. ಹೂವಿನೆಸಳು ಉಬ್ಬಿ ನಿಲ್ಲುವುದು, ಒಂದು ಉಬ್ಬು ಒಂದು ತಗ್ಗು, ಹೀಗೆ ಜೋಡಿಯಾದ ಎರಡು ಅಚ್ಚುಗಳ ನಡುವೆ ಕಾಗದವನ್ನು ಅದುಮಿದುದರಿಂದ. ಬಂಗಾರದ ಅಕ್ಷರಗಳಲ್ಲಿ ಬಂಗಾರದ ಕಣವೂ ಇರುವುದಿಲ್ಲ: ತೆಳುವಾದ ಪ್ಲಾಸ್ಟಿಕ್ ಹಾಳೆಯ ಮೇಲೆ ನಿರ್ವಾತದಲ್ಲಿ ಆವಿಯಾಗಿ ಕೂರಿಸಿದ ಅಲ್ಯುಮಿನಿಯಂ, ಅದರ ಮೇಲೆ ಹಳದಿಯ ಮೆರುಗು, ಅಡಿಯಲ್ಲಿ ಕಾವಿಗೆ ಕರಗುವ ಅಂಟು, ಕಾದ ಅಚ್ಚು ಒತ್ತಿದ ಕಡೆ ಮಾತ್ರ ಈ ಪದರಗಳು ಕಾಗದಕ್ಕೆ ಇಳಿಯುತ್ತವೆ. ಕನ್ನಡಕ್ಕೆ ಇಲ್ಲಿ ಒಂದು ವಿಶೇಷವಾದ ತೊಡಕಿದೆ. ‘ಹಾರ್ದಿಕ’ ಎಂಬಲ್ಲಿನ ಅರ್ಕಾವೊತ್ತಿನ ಸುಳಿ, ‘ಕ್ಷೇಮ’ದ ಷಕಾರದ ಒತ್ತು, ‘ಸಂಕ್ರಾಂತಿ’ಯ ರಕಾರದ ಒತ್ತು, ಇವುಗಳ ಸಣ್ಣ ಸಂದುಗಳಲ್ಲಿ ಆ ಹೊಳೆಯುವ ಪೊರೆ ಹರಿಯದೆ ಸೇತುವೆಯಂತೆ ನಿಂತುಬಿಟ್ಟರೆ ಅಕ್ಷರದ ಹೊಟ್ಟೆ ಮುಚ್ಚಿಹೋಗುತ್ತದೆ. ಅಕ್ಷರ ದೊಡ್ಡದು ಮಾಡಿ, ಸಾಲುಗಳ ನಡುವೆ ಒತ್ತಿಗೂ ಕೊಂಬಿಗೂ ಎಡೆಬಿಟ್ಟು ಬರೆಯುವ ಕಲಾವಿದನೇ ಇದಕ್ಕೆ ಔಷಧ. ಹಾಡುವ ಕಾರ್ಡಿನ ಗುಟ್ಟೂ ದೊಡ್ಡದಲ್ಲ: ಗುಂಡಿಯಂಥ ಬ್ಯಾಟರಿ, ಸ್ವರಗಳನ್ನು ಅಂಕಿಗಳಾಗಿ ನೆನಪಿಟ್ಟ ಒಂದು ಚಿಪ್, ವಿದ್ಯುತ್ತು ತಗುಲಿದರೆ ಬಾಗುವ ತೆಳುಬಿಲ್ಲೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದೆಂದು ಕ್ಯೂರಿ ಸೋದರರು 1880ರಲ್ಲಿ ತೋರಿಸಿದ್ದರು. ಇಲ್ಲಿ ನಡೆಯುವುದು ಅದರ ವಿಲೋಮ. ಮಡಿಕೆಯಲ್ಲಿ ಸಿಕ್ಕಿಸಿದ ಪ್ಲಾಸ್ಟಿಕ್ ಪಟ್ಟಿ ಕಾರ್ಡು ತೆರೆದಾಗ ಸರಿದು ಎರಡು ಲೋಹಗಳು ಕೂಡುತ್ತವೆ, ಬಿಲ್ಲೆ ಕಂಪಿಸುತ್ತದೆ, ಕಾರ್ಡಿನ ರಟ್ಟೇ ಹಲಗೆಯಾಗಿ ನಾದವನ್ನು ಹಿಗ್ಗಿಸುತ್ತದೆ. ಆ ನಾದವನ್ನು ಸಂಗೀತವೆನ್ನಲು ನನ್ನ ಕಿವಿ ಒಪ್ಪಿಲ್ಲ.

ಇನ್ನು ಮಾತು. ಈ ಉದ್ಯಮದ ಅತಿ ಕಠಿನವಾದ ಭಾಗ ಇದೇ ಎಂದು ನನ್ನ ಅಭಿಪ್ರಾಯ. ಅಮೆರಿಕದ ವೂಸ್ಟರಿನಲ್ಲಿ ಕಾಗದದ ಅಂಗಡಿಯವನ ಮಗಳಾದ ಎಸ್ತರ್ ಹೌಲಂಡ್ ಎಂಬಾಕೆ 1847ರ ಸುಮಾರಿಗೆ, ಇಂಗ್ಲೆಂಡಿನಿಂದ ಬಂದ ಜಾಲರಿ ಕಾಗದದ ಪ್ರೇಮಪತ್ರವೊಂದನ್ನು ಕಂಡು, ಅಂಥವನ್ನು ತಾನೂ ಮಾಡಬಲ್ಲೆನೆಂದು ಹನ್ನೆರಡು ಮಾದರಿಗಳನ್ನು ಮಾಡಿ ಮಾರಾಟಕ್ಕೆ ಹೋಗುತ್ತಿದ್ದ ಸೋದರನ ಕೈಗೆ ಕೊಟ್ಟಳು. ಇನ್ನೂರು ಡಾಲರಿನ ಬೇಡಿಕೆ ಬಂದರೆ ಹೆಚ್ಚೆಂದಿದ್ದವಳಿಗೆ ಐದು ಸಾವಿರದ ಬೇಡಿಕೆ ಬಂದಿತೆಂದು ಕಥೆ. ಮನೆಯ ಮೇಲಂತಸ್ತಿನಲ್ಲಿ ಗೆಳತಿಯರನ್ನು ಮೇಜಿನ ಸುತ್ತ ಕೂರಿಸಿ, ಒಬ್ಬಳು ಕತ್ತರಿಸಿ, ಒಬ್ಬಳು ಹಿನ್ನೆಲೆ ಅಂಟಿಸಿ, ಇನ್ನೊಬ್ಬಳು ಹೂವು ಕೂರಿಸುವ ಹಾಗೆ ಕೆಲಸವನ್ನು ಹಂಚಿದಳು. ಮೋಟಾರು ಕಾರ್ಖಾನೆಗಳ ಸಾಲುದುಡಿಮೆಗಿಂತ ಎಷ್ಟೋ ಹಿಂದಿನ ಮಾತಿದು. ಅವಳ ಕಂಪೆನಿ 1879ರಲ್ಲಿ 131 ಪದ್ಯಗಳ ಒಂದು ಪುಸ್ತಿಕೆಯನ್ನು ಅಚ್ಚುಹಾಕಿಸಿತು. ಕಾರ್ಡು ಇಷ್ಟವಾಗಿ ಅದರೊಳಗಿನ ಪದ್ಯ ಇಷ್ಟವಾಗದವರು ಪುಸ್ತಿಕೆಯಿಂದ ಬೇರೊಂದನ್ನು ಆರಿಸಿ ಹಳೆಯದರ ಮೇಲೆ ಅಂಟಿಸಿಕೊಳ್ಳಬಹುದಾಗಿತ್ತು. ಸಾವಿರಕ್ಕೆ ಸಲ್ಲುವ ಚಿತ್ರ ಸಿಕ್ಕರೂ ಸಾವಿರಕ್ಕೆ ಸಲ್ಲುವ ಮಾತು ಸಿಗುವುದಿಲ್ಲವೆಂದು ಆ ಹೆಂಗಸು ಅರಿತಿದ್ದಳು.

ಇಂಗ್ಲಿಷಿನಲ್ಲಿ ಬರೆಯುವವನಿಗೆ ಒಂದು ಸೌಕರ್ಯವಿದೆ: ಅವನ ಭಾಷೆಯಲ್ಲಿ ಮಧ್ಯಮ ಪುರುಷಕ್ಕೆ ಒಂದೇ ಶಬ್ದ. ಅರಸನಿಗೂ ಅಳಿಯನಿಗೂ ಅದೇ ಕಾರ್ಡು ನಡೆಯುತ್ತದೆ. ಕನ್ನಡದಲ್ಲಿ ಬಾಯಿ ತೆರೆಯುವ ಮುನ್ನವೇ ನೀನೋ ನೀವೋ ತಾವೋ ಎಂದು ನಿರ್ಧರಿಸಬೇಕು. ‘ಬಾಳು’ ಎಂದರೆ ಮಾವನವರಿಗೆ ಕಳುಹಿಸಲಾಗದು, ‘ಬಾಳಿರಿ’ ಎಂದರೆ ಬಾಲ್ಯದ ಗೆಳೆಯನು ಇವನಿಗೇನಾಯಿತೆಂದು ಕೇಳುತ್ತಾನೆ. ಸೋದರನಿಗೆ ಎಂದು ಒಂದು ಕಾರ್ಡು ಮಾಡಿ ಸುಮ್ಮನಿರುವಂತಿಲ್ಲ. ಅಣ್ಣನಿಗೆ ನಮಸ್ಕಾರ ಬೇಕು, ತಮ್ಮನಿಗೆ ಆಶೀರ್ವಾದ ಬೇಕು. ಹೀಗಾಗಿ ನಮ್ಮ ಕಾರ್ಡುಗಳು ಕ್ರಿಯಾಪದವನ್ನೇ ಕೈಬಿಟ್ಟು, ‘ಹೊಸ ವರ್ಷದ ಹಾರ್ದಿಕ ಶುಭಾಶಯಗಳು’ ಎಂಬ ನಾಮಪದಗಳ ಗುಡಿಸಲಿನಲ್ಲಿ ತಲೆಮರೆಸಿಕೊಂಡವು. ಈ ಮಾತಿನ ಒಣಕಲುತನವನ್ನು ಹಲವರು ಹಳಿದಿದ್ದಾರೆ. ನನಗೆ ಅದರಲ್ಲಿ ದೋಷ ಕಾಣುವುದಿಲ್ಲ. ಯಾರಿಗೆ ಎಂದು ತಿಳಿಯದೆ ಮಾತನಾಡಲು ನಿರಾಕರಿಸುವ ಒಂದು ಭಾಷೆ ಅಚ್ಚಿನ ಯಂತ್ರದೊಡನೆ ಮಾಡಿಕೊಂಡ ರಾಜಿ ಅದು. ಅಚ್ಚು ಬರುವ ಮುನ್ನ ನಮ್ಮವರು ಈ ಸಂಕಟಕ್ಕೆ ಸಿಕ್ಕಿದವರೇ ಅಲ್ಲ: ವಿಜಯದಶಮಿಯ ಸಂಜೆ ಉತ್ತರದ ಜಿಲ್ಲೆಗಳಲ್ಲಿ ಬನ್ನಿಯ ಎಲೆ ಕೊಟ್ಟು ಬಂಗಾರದಂತಿರೋಣವೆನ್ನುವಾಗಲೂ, ಸಂಕ್ರಾಂತಿಗೆ ಎಳ್ಳುಬೆಲ್ಲ ಬೀರಿ ಒಳ್ಳೆಯ ಮಾತಾಡೆನ್ನುವಾಗಲೂ ಎದುರಿಗೊಂದು ಮುಖವಿರುತ್ತಿತ್ತು.

ಮಾರುವುದಕ್ಕೂ ಒಂದು ಶಾಸ್ತ್ರವಿದೆ. 1910ರಲ್ಲಿ ಜಾಯ್ಸ್ ಹಾಲ್ ಎಂಬ ಹದಿನೆಂಟರ ತರುಣನು ಚಿತ್ರದ ಪೋಸ್ಟ್‌ಕಾರ್ಡುಗಳನ್ನು ಎರಡು ಪಾದರಕ್ಷೆಯ ಡಬ್ಬಿಗಳಲ್ಲಿ ತುಂಬಿಕೊಂಡು ಅಮೆರಿಕದ ಕಾನ್ಸಸ್ ಸಿಟಿಗೆ ಬಂದಿಳಿದನು. ಬಿಚ್ಚಿದ ಕಾರ್ಡಿಗಿಂತ ಮಡಿಸಿ ಲಕೋಟೆಯೊಳಗಿಟ್ಟ ಕಾರ್ಡಿಗೆ ಜನ ಹೆಚ್ಚು ಬೆಲೆ ಕೊಡುತ್ತಾರೆಂದು, ಅಂಚೆಯವನು ಓದಲಾಗದ ಮಾತೇ ತಮ್ಮದೆನಿಸುತ್ತದೆಂದು, ಅವನು ಬೇಗನೆ ಕಂಡುಕೊಂಡನು. 1915ರಲ್ಲಿ ದಾಸ್ತಾನೆಲ್ಲ ಬೆಂಕಿಗೆ ಆಹುತಿಯಾದರೂ ಸಾಲ ತಂದು ಮತ್ತೆ ನಿಂತನು. 1928ರಿಂದ ಕಾರ್ಡಿನ ಹಿಂದೆ ಹಾಲ್‌ಮಾರ್ಕ್ ಎಂಬ ಹೆಸರನ್ನು ಅಚ್ಚೊತ್ತಿಸಿದನು. ನಮ್ಮ ಚಿನಿವಾರರ ಅಂಗಡಿಯಲ್ಲಿ ಒಡವೆಯ ಅಪ್ಪಟತನವನ್ನು ಹೇಳುವ ಶಬ್ದವೇ ಅದು, ಹಾಲನ ಹೆಸರನ್ನೂ ಸೇರಿಸಿಕೊಂಡು ಬಂದದ್ದು. ಮೊದಲು ಕಾರ್ಡುಗಳನ್ನು ಅಂಗಡಿಯವನು ಡ್ರಾಯರಿನಲ್ಲಿಟ್ಟು ಕೇಳಿದವರಿಗೆ ತೆಗೆದು ತೋರಿಸುತ್ತಿದ್ದನು. 1930ರ ದಶಕದಲ್ಲಿ ಹಾಲನ ಕಂಪೆನಿ ಮೆಟ್ಟಿಲುಮೆಟ್ಟಿಲಾದ ತೆರೆದ ಅಟ್ಟಣೆಗಳನ್ನು ಹೂಡಿ, ಕೊಳ್ಳುವವರೇ ಎತ್ತಿ ಓದಿ ಮರಳಿ ಇಡುವ ಹಾಗೆ ಮಾಡಿತು. ಇದರಿಂದ ಚಿತ್ರ ಬರೆಯುವವನಿಗೂ ಒಂದು ಕಟ್ಟಳೆ ಹುಟ್ಟಿತು. ಅಟ್ಟಣೆಯಲ್ಲಿ ಮುಂದಿನ ಸಾಲಿನ ಕಾರ್ಡು ಹಿಂದಿನದರ ಕೆಳಭಾಗವನ್ನು ಮರೆಮಾಡುವುದರಿಂದ, ಇದು ಹುಟ್ಟುಹಬ್ಬದ್ದೋ ಮದುವೆಯದೋ ಎಂದು ಹೇಳುವ ಮಾತು ಮೇಲಿನ ಮೂರನೆಯ ಒಂದಂಶದಲ್ಲೇ ಇರಬೇಕು. ಕೊಳ್ಳುವವರಲ್ಲಿ ಐದಕ್ಕೆ ನಾಲ್ಕು ಪಾಲು ಹೆಂಗಸರೆಂದು ಅಮೆರಿಕದ ಆ ಕಸುಬಿನವರ ಲೆಕ್ಕ. ನಂಟನ್ನು ನೆನಪಿಟ್ಟು ಕಾಯುವ ಕೆಲಸ ಎಲ್ಲೆಲ್ಲೂ ಯಾರ ಪಾಲಿಗೆ ಬಂದಿದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮಲ್ಲಿ ಅಂಚೆಯೇ ದೊಡ್ಡ ಅಂಗಡಿಯಾಗಿತ್ತು. ಲಕೋಟೆಯ ಬಾಯಿಗೆ ಅಂಟು ಹಚ್ಚದೆ ಒಳಕ್ಕೆ ಮಡಿಸಿ, ಮೂಲೆಯಲ್ಲಿ ಬುಕ್ ಪೋಸ್ಟ್ ಎಂದು ಬರೆದರೆ ಕಡಮೆ ಅಂಚೆಚೀಟಿಯಲ್ಲಿ ಹೋಗುತ್ತಿತ್ತು. ಆ ಉಳಿತಾಯಕ್ಕಾಗಿ ಎಷ್ಟೋ ಮಂದಿ ಒಳಗೆ ಸಹಿಯ ಹೊರತು ಒಂದಕ್ಷರವನ್ನೂ ಬರೆಯುತ್ತಿರಲಿಲ್ಲ. ಈಗ ಹಾರೈಕೆಗಳು ಕೈಫೋನಿನಲ್ಲಿ ಬರುತ್ತವೆ, ಅವಕ್ಕೆ ನಾರಿನ ದಿಕ್ಕೂ ಇಲ್ಲ, ತೂಕವೂ ಇಲ್ಲ.

ಕೋಲನ ಕಾರ್ಡಿನಲ್ಲಿ ಹಾರ್ಸ್ಲಿ ಎರಡು ಎಡೆಗಳನ್ನು ಖಾಲಿ ಬಿಟ್ಟಿದ್ದನು: ಮೇಲೆ ಯಾರಿಗೆ ಎಂಬುದಕ್ಕೆ ಒಂದು ಗೆರೆ, ಕೆಳಗೆ ಯಾರಿಂದ ಎಂಬುದಕ್ಕೆ ಒಂದು ಗೆರೆ. ಆ ಸಾವಿರದಲ್ಲಿ ಒಂದನ್ನು ಅವನು ಕೋಲನಿಗೇ ಕಳುಹಿಸಿದನು. ಮೇಲಿನ ಗೆರೆಯ ಮೇಲೆ ಗೆಳೆಯನ ಹೆಸರನ್ನು ಬರೆದನು. ಕೆಳಗೆ, ಸಹಿಯಿರಬೇಕಾದ ಮೂಲೆಯಲ್ಲಿ, ಮಸಿಯ ಲೇಖನಿಯಿಂದ ತನ್ನದೇ ಒಂದು ಪುಟ್ಟ ಚಿತ್ರವನ್ನು ಬರೆದನು.